ನೋಂದಣಿ ಮೊದಲು, ಔಷಧಿ ಆಮೇಲೆ

ಆಸ್ಪತ್ರೆಯ ಕೆಲಸವನ್ನು ಚೌಕ, ಬಾಣಗಳಲ್ಲಿ ಬಿಡಿಸಿಟ್ಟುಕೊಂಡರೆ ಒಳ್ಳೆಯ ಸಾಫ್ಟ್‌ವೇರ್ ತಾನಾಗಿ ಮೂಡುತ್ತದೆ ಎಂಬ ನಂಬಿಕೆಗೆ ಅರ್ಹತೆ ಮೀರಿದ ಮನ್ನಣೆ ಸಿಕ್ಕಿದೆ. ಇಂಥ ಚೌಕ, ಬಾಣಗಳ ಸಂಕೇತ ಪದ್ಧತಿಯಾದ ಬಿಪಿಎಂಎನ್‌ನ ನಕ್ಷೆಗಳ ಉಪಯೋಗವನ್ನು ಬಲ್ಲವರಿಗೆ ಮತ್ತೆ ಹೇಳಬೇಕಿಲ್ಲ. ನನ್ನ ತಕರಾರಿರುವುದು ಅದರ ಅತಿ ಸಣ್ಣ ಗುರುತಾದ ಬಾಣದ ಬಗ್ಗೆ. ಇದಾದ ಮೇಲೆ ಅದು ಎಂದು ಬಾಣ ಹೇಳುತ್ತದೆ, ಯಾಕೆಂದು ಹೇಳುವುದಿಲ್ಲ. ರಕ್ತದ ಚೀಲ ಈ ರೋಗಿಗೇ ಸೇರಿದ್ದೆಂದು ತಾಳೆ ನೋಡದೆ ಏರಿಸಬಾರದು. ಅದು ಜೀವದ ಪ್ರಶ್ನೆ. ನೋಂದಣಿ ಮುಗಿಯದೆ ಔಷಧಿ ಬರೆಯಬಾರದೆಂಬುದು ಕಚೇರಿಯ ಅನುಕೂಲ. ನಕ್ಷೆಯಲ್ಲಿ ಎರಡಕ್ಕೂ ಒಂದೇ ಬಾಣ. ಕಾಗದದ ಕಾಲದಲ್ಲಿ ಎರಡನೆಯದನ್ನು ತುರ್ತು ನೋಡಿ ದಾಟಬಹುದಿತ್ತು. ಸಾಫ್ಟ್‌ವೇರಿಗೆ ಇಳಿದ ಮೇಲೆ ಅದಕ್ಕೆ ಬೀಗ ಬೀಳುತ್ತದೆ.

ಅಮೆರಿಕದ ಪಿಟ್ಸ್‌ಬರ್ಗ್ ಮಕ್ಕಳ ಆಸ್ಪತ್ರೆಯಲ್ಲಿ 2002ರಲ್ಲಿ ಹೀಗೇ ಆಯಿತು. ಬಿಪಿಎಂಎನ್ ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ಬಾಣದ ಈ ರೋಗ ಅದಕ್ಕಿಂತ ಹಳೆಯದು. ಬೇರೆ ಆಸ್ಪತ್ರೆಯಿಂದ ಗಂಭೀರ ಸ್ಥಿತಿಯ ಮಗು ದಾರಿಯಲ್ಲಿದ್ದಾಗಲೇ ವೈದ್ಯರು ಔಷಧಿಗೆ ಹೇಳಿಡುತ್ತಿದ್ದರು. ಗಣಕೀಕೃತ ಆರ್ಡರ್ ವ್ಯವಸ್ಥೆ ಬಂದ ಮೇಲೆ ಮಗು ಬಂದು ತಲುಪಿ, ನೋಂದಣಿಯಾಗುವವರೆಗೆ ಆರ್ಡರ್ ಹಾಕುವಂತಿರಲಿಲ್ಲ. ಹಾಗೆ ವರ್ಗವಾಗಿ ಬಂದ ಮಕ್ಕಳಲ್ಲಿ ಸಾವಿನ ಪ್ರಮಾಣ ಶೇ. 2.80ರಿಂದ 6.57ಕ್ಕೆ ಏರಿತೆಂದು 2005ರ ಅಧ್ಯಯನ ವರದಿ ಮಾಡಿತು. ಮೊದಲಿನ, ಆಮೇಲಿನ ಅಂಕಿಗಳ ಹೋಲಿಕೆ ಮಾತ್ರದಿಂದ ಕಾರಣ ಸಾಬೀತಾಗದು, ನಿಜ. ಆದರೆ ಒಂದೊಂದು ನಿಮಿಷವೂ ಅಮೂಲ್ಯವಾದ ಕಡೆ ಆ ಬಾಣ ನಿಮಿಷಗಳನ್ನು ತಿಂದಿತೆಂಬುದನ್ನು ಅಲ್ಲಗಳೆಯಲಾಗದು.

ಸಿಯಾಟಲ್‌ನ ಮಕ್ಕಳ ಆಸ್ಪತ್ರೆಯಲ್ಲಿ ಅದೇ ಉತ್ಪನ್ನ ಬಂದಾಗ ಸಾವು ಹೆಚ್ಚಲಿಲ್ಲ. ಆದ್ದರಿಂದ ತಪ್ಪು ಅಳವಡಿಕೆಯದು, ವಿನ್ಯಾಸದ್ದಲ್ಲ ಎಂದು ವಾದಿಸುವ ವಿಮರ್ಶಕರಿದ್ದಾರೆ. ಈ ವಾದ ನನಗೆ ಒಪ್ಪಿಗೆಯಿಲ್ಲ. ಯಾವುದರ ನಂತರ ಯಾವುದು ಎಂದು ನಿರ್ಧರಿಸುವುದೇ ಅಳವಡಿಕೆಯ ತಿರುಳಾದರೆ, ಅದೇ ವಿನ್ಯಾಸವೂ ಹೌದು. ಎರಡನ್ನೂ ಬೇರ್ಪಡಿಸಿದರೆ ಉತ್ಪನ್ನಕ್ಕೆ ರಕ್ಷಣೆ ಸಿಗುತ್ತದೆ, ವಾರ್ಡಿಗೆ ಏನೂ ಸಿಗುವುದಿಲ್ಲ. ಇನ್ನು ಕೆಲವರು ಸಡಿಲ ಕ್ರಮಕ್ಕೆಂದೇ 2014ರಲ್ಲಿ ಸಿಎಂಎಂಎನ್ ಎಂಬ ಇನ್ನೊಂದು ಸಂಕೇತ ಪದ್ಧತಿ ಬಂದಿದೆಯಲ್ಲ ಎನ್ನುತ್ತಾರೆ. ಬಂದದ್ದು ಒಳ್ಳೆಯದೇ. ಆದರೆ ಕ್ರಮವನ್ನು ಸಡಿಲಿಸುವ ಮುನ್ನ ಯಾವುದನ್ನು ಸಡಿಲಿಸಬಹುದೆಂದು ಗೊತ್ತಿರಬೇಕು. ಅದನ್ನು ಯಾವ ಸಂಕೇತವೂ ತಾನಾಗಿ ತಿಳಿಸದು.

ಅದನ್ನು ತಿಳಿಸುವವರು ವಾರ್ಡಿನಲ್ಲಿದ್ದಾರೆ. ಔಷಧಿಯ ಬಾರ್‌ಕೋಡ್ ವ್ಯವಸ್ಥೆಯನ್ನು ಐದು ಆಸ್ಪತ್ರೆಗಳಲ್ಲಿ ಪರಿಶೀಲಿಸಿದ ಸಂಶೋಧಕ ರಾಸ್ ಕೊಪೆಲ್ ಮತ್ತು ಸಂಗಡಿಗರು 2008ರಲ್ಲಿ ಅದನ್ನು ದಾಟಲು ಸಿಬ್ಬಂದಿ ಹಿಡಿಯುವ 15 ಬಗೆಯ ಅಡ್ಡದಾರಿಗಳನ್ನು, ಅವುಗಳ ಹಿಂದಿನ 31 ಕಾರಣಗಳನ್ನು ಪಟ್ಟಿ ಮಾಡಿದರು. ಇವುಗಳಲ್ಲಿ ಅಪಾಯಕಾರಿಯಾದವೂ ಇವೆ. ಆದರೂ ಇವನ್ನೆಲ್ಲ ಸಿಬ್ಬಂದಿಯ ಅಶಿಸ್ತೆಂದು ತಳ್ಳಿಹಾಕುವ ಬದಲು ನಕ್ಷೆ ಬರೆಯುವವರು ಮೊದಲು ಓದಬೇಕು. ಪ್ರತಿ ಬಾಣದ ಪಕ್ಕದಲ್ಲಿ ಅದರ ಕಾರಣವನ್ನೂ, ತುರ್ತಿನಲ್ಲಿ ಅದನ್ನು ಯಾರು ದಾಟಬಹುದೆಂಬುದನ್ನೂ ಬರೆಯಬೇಕು.