ಕಾವೇರಿ ಮಾಡಿದ ತಪ್ಪೇನು?

ಮುಂಬೈ ಬಳಿಯ ಠಾಣೆಯ ಮನೋರೋಗ ಆಸ್ಪತ್ರೆ 1901ರಷ್ಟು ಹಳೆಯದು. ಡೊಂಬಿವಲಿ, ಕಲ್ಯಾಣ್ ಲೋಕಲ್ ರೈಲುಗಳಲ್ಲಿ ಓಡಾಡುವ ಕನ್ನಡಿಗರಿಗೆ ‘ಇವನನ್ನು ಠಾಣೆಗೆ ಕಳಿಸಬೇಕು’ ಎಂಬ ಕುಹಕ ಹೊಸದೇನಲ್ಲ. ತ್ರಿವೇಣಿಯವರ ‘ಶರಪಂಜರ’ ಕಾದಂಬರಿಯನ್ನು ಇಲ್ಲಿ ಕೂತು ಓದಿದರೆ ಆ ನಗೆ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಹೆರಿಗೆಯ ನಂತರ ಮನಸ್ಸು ಕದಡಿದ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗುತ್ತಾಳೆ. ಕಥೆಗೆ ಕತ್ತಲು ಕವಿಯುವುದು ಅವಳು ಮನೆಗೆ ಮರಳಿದ ಮೇಲೆ! ಕಾಯಿಲೆಯನ್ನೇ ಅಪರಾಧವೆಂದು ಎಣಿಸುವವರ ನಡುವೆ, ಮಾಡದ ತಪ್ಪಿಗೆ ಅವಳು ಕ್ಷಮೆ ಬೇಡುವಂತಾಗುತ್ತದೆ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ ಅವಳನ್ನು ಕನಿಕರದ ಗೊಂಬೆ ಮಾಡಲಿಲ್ಲ. ಗಂಡನ ಅಸಡ್ಡೆ, ಸುತ್ತಲಿನವರ ಅನುಮಾನಗಳನ್ನೇ ಒಂದೊಂದು ಬಾಣವಾಗಿಸಿದರು. ಇದನ್ನೇ ಆಧರಿಸಿದ 1971ರ ಪುಟ್ಟಣ್ಣ ಕಣಗಾಲರ ಚಿತ್ರದಲ್ಲಿ ಕಲ್ಪನಾ ಅಭಿನಯ ಅದ್ಭುತ, ನಿಜ. ನನಗೆ ಮಾತ್ರ ಕಾದಂಬರಿಯ ತಣ್ಣನೆಯ ನಿರೂಪಣೆಯೇ ಒಂದು ಕೈ ಮೇಲು. ಸಿನಿಮಾ ನೋಡಿ ಸುಮ್ಮನಾದವರು ದಯವಿಟ್ಟು ಪುಸ್ತಕವನ್ನೂ ಓದಿ.