ಕೇಳದ ಬೆಕ್ಕಿಗೆ ಕೈಸನ್ನೆ

ಬೆಕ್ಕನ್ನು ಸಾಕುವವರಲ್ಲಿ ಬಹುಮಂದಿ, ತಮ್ಮ ಬೆಕ್ಕು ಕರೆದರೆ ಬರುವುದಿಲ್ಲವೆಂಬುದನ್ನು ದೂರಾಗಿಯೂ ಹೆಮ್ಮೆಯಾಗಿಯೂ ಏಕಕಾಲದಲ್ಲಿ ಹೇಳಿಕೊಳ್ಳುವವರಾದ್ದರಿಂದ, ಅದಕ್ಕೆ ನಿಜವಾಗಿಯೂ ಕಿವಿ ಕೇಳಿಸದೆಂಬ ಸಂಗತಿ ಎಷ್ಟೋ ಮನೆಗಳಲ್ಲಿ ತಿಂಗಳುಗಟ್ಟಲೆ ಬೆಳಕಿಗೆ ಬರುವುದೇ ಇಲ್ಲ. ಕುಕ್ಕರಿನ ಸೀಟಿಗೆ ಕಿವಿ ನಿಮಿರದಿದ್ದರೆ, ದೀಪಾವಳಿಯ ಪಟಾಕಿಗಳ ನಡುವೆಯೂ ನಿದ್ರೆ ಕೆಡದಿದ್ದರೆ, ಹಿಂದಿನಿಂದ ಬಂದು ಮುಟ್ಟಿದಾಗಲೆಲ್ಲ ಅದು ಬೆಚ್ಚಿ ನೆಗೆದರೆ, ಇದು ಔದಾಸೀನ್ಯವಲ್ಲ, ಶ್ರವಣಾಭಾವವೆಂದು ಶಂಕಿಸತಕ್ಕದ್ದು. ತನ್ನ ದನಿ ತನಗೇ ಕೇಳಿಸದಿರುವುದರಿಂದ ಇಂಥ ಬೆಕ್ಕುಗಳ ಕೂಗು ಅನೇಕವೇಳೆ ಅಗತ್ಯಕ್ಕೆ ಮೀರಿ ಗಟ್ಟಿಯಾಗಿರುವುದೂ ಉಂಟು.

ಹುಟ್ಟುಕಿವುಡಿನ ಮೂಲವನ್ನು ಹೆಚ್ಚಾಗಿ ಮೈಬಣ್ಣದಲ್ಲಿಯೇ ಹುಡುಕಬೇಕು. ಜೀವಿಜಾತಿಗಳ ಉಗಮವನ್ನು ಕುರಿತು 1859ರಲ್ಲಿ ಪ್ರಕಟಿಸಿದ ಮಹಾಗ್ರಂಥದಲ್ಲಿ ಡಾರ್ವಿನ್ನನು, ನೀಲಿಗಣ್ಣಿನ ಬೆಕ್ಕುಗಳು ಕಿವುಡಾಗಿರುತ್ತವೆಂಬುದನ್ನು ನಿರಪವಾದವಾದ ನಿಯಮವೆಂಬಂತೆ ಹೇಳಿ, ಮುಂದಿನ ಆವೃತ್ತಿಗಳಲ್ಲಿ ಆ ಮಾತನ್ನು ಪೂರ್ತಿ ಬಿಳಿಯಾದ ನೀಲಿಗಣ್ಣಿನವುಗಳಿಗೆ ಸೀಮಿತಗೊಳಿಸಿ ಸಡಿಲಿಸಿದನು. ಈಗಿನ ಪಶುವೈದ್ಯರ ಲೆಕ್ಕದಂತೆ, ಎರಡು ಕಣ್ಣೂ ನೀಲಿಯಾದ ಬಿಳಿಯ ಬೆಕ್ಕುಗಳಲ್ಲಿ ನೂರಕ್ಕೆ 65ರಿಂದ 85, ಒಂದು ಕಣ್ಣು ಮಾತ್ರ ನೀಲಿಯಾದವುಗಳಲ್ಲಿ ಸುಮಾರು 40, ನೀಲಿಯೇ ಇಲ್ಲದವುಗಳಲ್ಲಿ 17ರಿಂದ 22 ಕಿವುಡಾಗಿ ಹುಟ್ಟುತ್ತವೆ. ಮೈಯನ್ನೆಲ್ಲ ಬೆಳ್ಳಗಾಗಿಸುವ ವಂಶವಾಹಿಯೇ ಒಳಗಿವಿಯ ಶಂಖದಲ್ಲಿಯೂ ವರ್ಣಕೋಶಗಳು ನೆಲೆಗೊಳ್ಳದಂತೆ ಮಾಡುವುದರಿಂದ, ಅಲ್ಲಿಯ ದ್ರವದ ಸಮತೋಲ ಕೆಟ್ಟು, ಹುಟ್ಟಿದ ಕೆಲವೇ ವಾರಗಳಲ್ಲಿ ಶಬ್ದಗ್ರಾಹಿಗಳಾದ ಕೇಶಕೋಶಗಳು ನಶಿಸಿಹೋಗುತ್ತವೆ. ಸಯಾಮಿ ಬೆಕ್ಕಿನ ನೀಲಿಗಣ್ಣು ಬೇರೊಂದು ವಂಶವಾಹಿಯ ಫಲವಾದ್ದರಿಂದ ಅದರ ಒಡೆಯರು ಈ ಕುರಿತು ಚಿಂತಿಸಬೇಕಾದ್ದಿಲ್ಲ.

ಮನುಷ್ಯನ ಶ್ರವಣಮಿತಿಯನ್ನು ನಾಲ್ಕುಪಟ್ಟು ಮೀರಿ, 85,000 ಹರ್ಟ್ಸ್‌ವರೆಗಿನ ಸೂಕ್ಷ್ಮನಾದವನ್ನೂ ಗ್ರಹಿಸಬಲ್ಲ ಪ್ರಾಣಿಕುಲಕ್ಕೆ ಇದು ಸಣ್ಣ ನಷ್ಟವೇನೂ ಅಲ್ಲ. ಆದರೆ ಕಣ್ಣನ್ನು ನಂಬಿ ಬದುಕುವುದನ್ನು ಕಿವುಡು ಮರಿ ತಾನಾಗಿಯೇ ಕಲಿತುಕೊಳ್ಳುತ್ತದೆ, ಕಲಿಯಬೇಕಾದವರು ನಾವು. ಆ ಕಲಿಕೆಯ ಮೊದಲ ಪಾಠವೆಂದರೆ ಬೆಕ್ಕಿನ ದೃಷ್ಟಿಯ ಗುಣದೋಷಗಳನ್ನು ಅರಿಯುವುದು. ಮೂಗಿನಿಂದ ಗೇಣುದ್ದದೊಳಗಿರುವುದು ಅದಕ್ಕೆ ಮಸಕು. ದೂರದ ವಿವರಗಳೂ ನಮ್ಮಷ್ಟು ಸ್ಫುಟವಲ್ಲ. ಕೆಂಪು ಹಸಿರುಗಳ ಭೇದ ಅದಕ್ಕೆ ದುರ್ಬಲ. ಚಲನೆಯ ವಿಷಯದಲ್ಲಾದರೋ ಅದರ ಕಣ್ಣನ್ನು ವಂಚಿಸುವುದು ಕಷ್ಟ. ಆದ್ದರಿಂದ ಮುಖದ ಹತ್ತಿರ ಬೆರಳಾಡಿಸುವವರು ವ್ಯರ್ಥವಾಗಿ ದಣಿಯುತ್ತಾರೆ. ಎರಡು ಮೂರು ಮಾರು ದೂರದಲ್ಲಿ ನಿಂತು, ಮೊಳಕೈಯಿಂದ ಮೊದಲ್ಗೊಂಡು ಇಡೀ ತೋಳನ್ನು, ಹಿಂದಿನ ಗೋಡೆಯ ಬಣ್ಣದಲ್ಲಿ ಕರಗಿಹೋಗದಂತೆ, ಸಾವಧಾನವಾಗಿ ಆಡಿಸುವುದೇ ಉತ್ತಮಪಕ್ಷ.

ಸನ್ನೆಗಳ ಆಯ್ಕೆಯಲ್ಲಿ ನಾನು ಮಿತವ್ಯಯಿ. ನಂದಿಕೇಶ್ವರನ ನಾಟ್ಯಗ್ರಂಥ ‘ಅಭಿನಯದರ್ಪಣ’ವು ಒಂಟಿಗೈಯ ಹಸ್ತಗಳನ್ನೇ 28 ಎಂದು ಎಣಿಸುತ್ತದೆ, ಬೆಕ್ಕಿನ ಸಂಸಾರಕ್ಕೆ ಐದಾರು ಸಾಕು. ಐದೂ ಬೆರಳ ತುದಿಗಳನ್ನು ಕೂಡಿಸಿ ಬಾಯ ಬಳಿಗೆ ಒಯ್ಯುವುದು, ಎಂದರೆ ನರ್ತಕರ ಮುಕುಲಹಸ್ತ, ನಮ್ಮ ಮನೆಗಳಲ್ಲಿ ‘ಊಟವಾಯಿತೇ?’ ಎಂದು ದೂರದಿಂದ ಕೇಳುವ ಸನ್ನೆ, ಅನ್ನಕ್ಕೆ ಯೋಗ್ಯವಾದುದು. ಅಂಗೈಯನ್ನು ಕೆಳಮೊಗವಾಗಿಸಿ ಬೆರಳುಗಳನ್ನು ತನ್ನತ್ತ ಮಡಿಸುವುದು ‘ಬಾ’ ಎನ್ನುವುದಕ್ಕೆ. ಬೆರಳೆತ್ತಿದ ಅಂಗೈಯನ್ನು ನೆಟ್ಟಗೆ ಎದುರು ಹಿಡಿಯುವುದು ‘ಬೇಡ’ ಎನ್ನುವುದಕ್ಕೆ. ದೇವಾಲಯದಲ್ಲಿ ‘ಅಂಜಬೇಡ’ ಎನ್ನುವ ಆ ಕೈ ಅಡಿಗೆಯ ಕಟ್ಟೆಯ ಮುಂದೆ ‘ಹತ್ತಬೇಡ’ ಎಂದು ಅರ್ಥ ಬದಲಿಸಿಕೊಳ್ಳುವುದರಿಂದ ಯಾರಿಗೂ ನಷ್ಟವಿಲ್ಲ. ಎರಡು ಕೈಗಳನ್ನೂ ಖಾಲಿಯಾಗಿ ತೋರಿಸುವುದು ‘ಮುಗಿಯಿತು’ ಎನ್ನುವುದಕ್ಕೆ. ಕಿವಿ ಕೇಳದ ಮನುಷ್ಯರ ಸಂಜ್ಞಾಭಾಷೆಯು ವ್ಯಾಕರಣಸಹಿತವಾದ ಪರಿಪೂರ್ಣ ಭಾಷೆ. ಬೆಕ್ಕಿನೊಡನೆ ನಾವು ನಡೆಸುವ ಈ ಅಲ್ಪವ್ಯವಹಾರವನ್ನು ಅದರೊಂದಿಗೆ ಸರಿದೂಗಿಸುವುದು ಅವಿವೇಕ.

ಕಲಿಸುವ ಕ್ರಮ ಸರಳವಾದದ್ದು: ಮೊದಲು ಸನ್ನೆ, ಒಡನೆಯೇ ಅದರ ಫಲ, ಪ್ರತಿಸಲವೂ ಅದೇ ಸನ್ನೆ, ಮನೆಮಂದಿಯೆಲ್ಲರಿಂದಲೂ ಅದೇ ರೂಪದಲ್ಲಿ. ಅನ್ನದ ಸನ್ನೆಯನ್ನು ಮೊದಲು ಹಿಡಿಯುವುದು ಲೇಸು, ಏಕೆಂದರೆ ಅದರ ಅರ್ಥ ತಟ್ಟೆಯಲ್ಲಿಯೇ ಇರುತ್ತದೆ. ಕರೆಯುವ ಕೈಯಿಂದ ಎಂದೂ ಹೊಡೆಯಬಾರದು, ಬೆದರಿಸಲೂ ಬಾರದು; ಒಮ್ಮೆ ಕೈಗೆ ಹೆದರಿದ ಬೆಕ್ಕಿಗೆ ಕೈಯ ಮಾತು ಮತ್ತೆ ರುಚಿಸದು. ನಮ್ಮ ಮನೆಯ ಬಿಳಿಯ ಹೆಣ್ಣುಬೆಕ್ಕು ಕಿಟಕಿಯ ದಂಡೆಯ ಮೇಲಿಂದ ನನ್ನನ್ನು ಗಮನಿಸುವಾಗ, ಬೆರಳುಗಳು ಬಾಯನ್ನು ಮುಟ್ಟುವವರೆಗೆ ಕಾಯುವುದೇ ಇಲ್ಲ. ಮೊಳಕೈ ಬಾಗತೊಡಗಿದೊಡನೆಯೇ ಧುಮುಕಿರುತ್ತದೆ. ಬರೆಯುತ್ತ ಕುಳಿತಾಗ ಕನ್ನಡಕವನ್ನು ಮೇಲೇರಿಸಲೆಂದು ಕೈಯೆತ್ತಿದರೂ ಹೋಗಿ ತಟ್ಟೆಯ ಮುಂದೆ ಗಂಭೀರವಾಗಿ ನಿಲ್ಲುತ್ತದೆ. ನಾವು ಆಡಿದ್ದನ್ನಷ್ಟೇ ಅಲ್ಲ, ಆಡದೆ ಬಿಟ್ಟದ್ದನ್ನೂ ಓದುವ ಇಂಥ ಪ್ರಾಣಿಯ ಎದುರಿನಲ್ಲಿ ಕೈಗೂ ನಾಲಗೆಯಷ್ಟೇ ಸಂಯಮ ಬೇಕಾಗುತ್ತದೆ.

ಈ ವಿದ್ಯೆಯ ನಿಜವಾದ ತೊಡಕು ಸನ್ನೆಯಲ್ಲಿಲ್ಲ, ನೋಟದಲ್ಲಿದೆ. ನಾಟ್ಯಶಿಕ್ಷಕರು ಕೈ ಹೋದ ಕಡೆಗೆ ಕಣ್ಣು ಹೋಗಬೇಕೆಂದು ಕಲಿಸುತ್ತಾರೆ; ಇಲ್ಲಿ ಬೆಕ್ಕಿನ ಕಣ್ಣು ತಿರುಗುವವರೆಗೆ ನಮ್ಮ ಕೈ ಕಾದಿರಬೇಕು. ಬೆಕ್ಕು ನಾಯಿಯಂತೆಯೇ ನಾವು ಬೆರಳಿಟ್ಟು ತೋರಿದ ಕಡೆಗೆ ಹೋಗಬಲ್ಲುದೆಂದೂ, ಆದರೆ ಬಿಡಿಸಲಾಗದ ತೊಡಕು ಎದುರಾದಾಗ ನಾಯಿಯಷ್ಟು ಮನುಷ್ಯನ ಮುಖವನ್ನು ನೋಡದೆಂದೂ ಹಂಗೇರಿಯ ವಿಜ್ಞಾನಿ ಮಿಕ್ಲೋಷಿ ಮತ್ತವರ ಸಂಗಡಿಗರು 2005ರಲ್ಲಿ ತೋರಿಸಿದರು. ದನಿಯಾದರೆ ಇಷ್ಟವಿಲ್ಲದವನ ಕಿವಿಗೂ ನುಗ್ಗುತ್ತದೆ. ಸನ್ನೆಗೆ ಆ ಅಧಿಕಾರವಿಲ್ಲ. ನೋಡಲೊಪ್ಪಿದವರಿಗೆ ಮಾತ್ರ ಅದು ತಲುಪುತ್ತದೆ. ಆದ್ದರಿಂದ ಕಿವುಡು ಬೆಕ್ಕಿನೊಡನೆ ಬಾಳುವವನು ಅಡಿಗೆಮನೆಯಿಂದ ಅಂಗಳಕ್ಕೆ ಕೂಗಿ ಕರೆಯುವ ಅಭ್ಯಾಸವನ್ನು ತೊರೆದು, ಎದ್ದು ಹೋಗಿ, ಅದರ ಕಣ್ಣಿಗೆ ಬಿದ್ದು, ಅನಂತರ ಮಾತಾಡುವ ಸೌಜನ್ಯವನ್ನು ರೂಢಿಸಿಕೊಳ್ಳಬೇಕಾಗುತ್ತದೆ.

ನೋಟವನ್ನು ಸೆಳೆಯಲು ಉಪಾಯಗಳುಂಟು. ಮಲಗಿರುವಾಗ ಹಾಸಿಗೆಯ ಅಂಚನ್ನು ಮೆಲ್ಲನೆ ಅದುಮಿದರೆ ಅದರ ಅಲುಗಾಟ ತಿಳಿದು ಎಚ್ಚರಗೊಳ್ಳುತ್ತದೆ. ಹಲಗೆಯ ಅಟ್ಟದ ಮೇಲೆ ಹೆಜ್ಜೆಯ ಅದುರು ಚೆನ್ನಾಗಿ ಹರಿಯುತ್ತದೆ. ಗಾರೆಯ ನೆಲದಲ್ಲಿ ಎಷ್ಟು ಕುಟ್ಟಿದರೂ ನಮ್ಮ ಹಿಮ್ಮಡಿಗೇ ನೋವು. ದೀಪವನ್ನು ಒಮ್ಮೆ ಆರಿಸಿ ಹತ್ತಿಸುವುದು ರಾತ್ರಿಗೆ ಒಳ್ಳೆಯದು. ನಮಗೆ ಬೇಕಾಗುವ ಬೆಳಕಿನ ಆರನೆಯ ಒಂದು ಪಾಲು ಅದಕ್ಕೆ ಸಾಕಾದ್ದರಿಂದ, ಕರೆಂಟು ಹೋದ ಮುಸ್ಸಂಜೆಯಲ್ಲಿ ನಮ್ಮ ಕೈ ನಮಗೇ ಕಾಣಿಸದಿದ್ದರೂ ಅದಕ್ಕೆ ಕಾಣುತ್ತಿರಬಹುದು. ನೋಟ ಕೂಡಿದಾಗ ಕಣ್ಣುಗಳನ್ನು ಸಾವಕಾಶವಾಗಿ ಅರೆಮುಚ್ಚಿ ತೆರೆಯಿರಿ. ಇಂಥ ನಿಧಾನದ ಮಿಟುಕಿಗೆ ಬೆಕ್ಕುಗಳು ಮಿಟುಕಿನಿಂದಲೇ ಉತ್ತರಿಸುತ್ತವೆಂದೂ, ಹಾಗೆ ಮಾಡಿದ ಅಪರಿಚಿತನ ಬಳಿಗೂ ಹೆಚ್ಚು ಒಲಿದು ಬರುತ್ತವೆಂದೂ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನ ತಿಳಿಸುತ್ತದೆ. ಆದರೆ ಬೆನ್ನು ತಿರುಗಿಸಿ ಓಡುವ ಬೆಕ್ಕನ್ನು ಯಾವ ಸನ್ನೆಯೂ ತಡೆಯಲಾರದಾಗಿ, ವಾಹನಗಳು ಓಡಾಡುವ ಬೀದಿಗೆ ಅದನ್ನು ಬಿಡತಕ್ಕದ್ದಲ್ಲ. ಕೊರಳಿಗೊಂದು ಗೆಜ್ಜೆ ಕಟ್ಟಿದರೆ ಅದು ಮನೆಯ ಯಾವ ಮೂಲೆ ಸೇರಿದೆಯೆಂಬುದಾದರೂ ನಮಗೆ ತಿಳಿದೀತು.

ಕಿವಿ ಚುರುಕಾದ ಬೆಕ್ಕುಳ್ಳವರು ಇದು ತಮಗೆ ಸಂಬಂಧಿಸದ ವಿಷಯವೆಂದು ಪುಟ ಮಗುಚುವ ಮುನ್ನ ಒಂದು ಮಾತು. ಮುಪ್ಪಿನಲ್ಲಿ ಎಷ್ಟೋ ಬೆಕ್ಕುಗಳ ಶ್ರವಣವೂ ಮನುಷ್ಯರದರಂತೆ ಮೆಲ್ಲಮೆಲ್ಲನೆ ಕ್ಷೀಣಿಸುವುದುಂಟು; ಆಗ ಹೊಸ ಪಾಠ ಹೇಳಹೊರಡುವುದಕ್ಕಿಂತ, ಪ್ರಾಯದಲ್ಲಿಯೇ ಕರೆಯೊಡನೆ ಸನ್ನೆಯನ್ನೂ ಸೇರಿಸಿ ರೂಢಿಸಿದರೆ, ದನಿ ನಿಂತ ಮೇಲೂ ಸನ್ನೆ ಉಳಿಯುತ್ತದೆ. ಇಂದಿನ ರಾತ್ರಿಯ ಹಾಲುಅನ್ನದಿಂದಲೇ ತೊಡಗಬಹುದು.