ವಾಯಿದೆಯ ಪ್ರಣಯ: ಮಾಫಿಯಾ ಕಾದಂಬರಿಗಳ ಆಕರ್ಷಣೆ

ಪಶ್ಚಿಮದ ಜನಪ್ರಿಯ ಸಾಹಿತ್ಯದಲ್ಲಿ ಈಚಿನ ವರ್ಷಗಳಲ್ಲಿ 'ಮಾಫಿಯಾ ಪ್ರಣಯ'ವೆಂಬ ಕಾದಂಬರಿ ಪ್ರಕಾರವೊಂದು ಹುಲುಸಾಗಿ ಬೆಳೆದಿದೆ. ಅದರ ನಾಯಕ ಕೊಲೆಗಾರರ ಕೂಟದ ಒಡೆಯ. ನಾಯಿಕೆಯನ್ನು ತನ್ನ ಸೊತ್ತೆಂದೇ ಬಗೆಯುವವನು. ಇವನ್ನು ಓದುವವರಲ್ಲಿ ಹೆಚ್ಚಿನವರು ಸ್ತ್ರೀಯರೆಂಬುದನ್ನು ಕಂಡು ಹುಬ್ಬುಗಂಟಿಕ್ಕುವ ವಿಮರ್ಶಕರುಂಟು. ಅಷ್ಟರಿಂದ ಆ ಆಕರ್ಷಣೆಯ ಮೂಲ ತಿಳಿಯುವುದಿಲ್ಲ.

ಹರಣಮಾಡಿದವನಲ್ಲಿಯೇ ಅನುರಾಗ ಹುಟ್ಟುವ ಕಥೆ ಹೊಸದಲ್ಲ. ಇ. ಎಂ. ಹಲ್ ಎಂಬ ಆಂಗ್ಲ ಲೇಖಕಿಯ 'ದಿ ಶೇಕ್' (1919) ಕಾದಂಬರಿಯಲ್ಲಿ ಮರುಭೂಮಿಯ ನಾಯಕನೊಬ್ಬನು ಡಯಾನಾ ಮೇಯೋ ಎಂಬ ತರುಣಿಯನ್ನು ಹೊತ್ತೊಯ್ದು ಬಲಾತ್ಕರಿಸುತ್ತಾನೆ. ಕಡೆಗೆ ಅವಳು ಅವನನ್ನೇ ಒಲಿಯುತ್ತಾಳೆ. (ಅವನು ಹುಟ್ಟಿನಿಂದ ಅರಬನಲ್ಲ, ಯುರೋಪಿಯನ್ನನೇ ಎಂದು ಕೊನೆಯಲ್ಲಿ ಹೊರಪಡಿಸಿ ಅಂದಿನ ಓದುಗರ ವರ್ಣಭೀತಿಯನ್ನೂ ಆಕೆ ನೀಗಿಸಿದ್ದಾಳೆ!) ಇಂಥ ನಾಯಕನಿಗೆ ರಾಜ್ಯವನ್ನೂ ಪರಿವಾರವನ್ನೂ ಒದಗಿಸಿದ್ದು ಮಾರಿಯೊ ಪೂಜೊನ 'ದಿ ಗಾಡ್‌ಫಾದರ್' (1969). ಆ ಕೃತಿ ತೆರೆಯುವುದು ನ್ಯಾಯಾಲಯದಲ್ಲಿ. ಮಗಳನ್ನು ಹಿಂಸಿಸಿದವರು ಸೆರೆಮನೆ ಕಾಣದೆ ಹೊರನಡೆದುದನ್ನು ಕಂಡ ತಂದೆಯೊಬ್ಬ ನ್ಯಾಯಕ್ಕಾಗಿ ಡಾನ್‌ನ ಬಾಗಿಲಿಗೆ ಬರುತ್ತಾನೆ. ಕಾನೂನು ಕಾಯದ ಹೆಣ್ಣನ್ನು ಕಾಯಬಲ್ಲವನೊಬ್ಬನಿದ್ದಾನೆ. ಅವನ ಕ್ರೌರ್ಯ ಹೊರಗಿನವರಿಗೆ, ಲಕ್ಷ್ಯವೆಲ್ಲ ಅವಳೊಬ್ಬಳಿಗೆ. ಮಾಫಿಯಾ ಪ್ರಣಯವು ನೀಡುವ ಭರವಸೆ ಇದು. ದಿನವಿಡೀ ದುಡಿದು ಕತ್ತಲಲ್ಲಿ ಒಬ್ಬಳೇ ಮನೆಗೆ ಮರಳುವವಳಿಗೆ ಇದು ಹಿಡಿಸಿದರೆ ಅಭಿರುಚಿಯ ದೋಷವೆಂದು ತಳ್ಳಿಹಾಕಲಾಗದು. ಇಂಥ ಹಲವು ಕೃತಿಗಳಲ್ಲಿ ಅಧ್ಯಾಯಗಳನ್ನು ನಾಯಕ ನಾಯಿಕೆಯರು ಸರದಿಯಂತೆ ನಿರೂಪಿಸುವುದರಿಂದ, ಅವನು ಒಲಿದಿದ್ದಾನೆಂಬುದು ನಾಯಿಕೆಗಿಂತ ಮೊದಲೇ ಓದುವವಳಿಗೆ ತಿಳಿದಿರುತ್ತದೆ. ಅವಳ ಭಯಕ್ಕೆ ಅಪಾಯವಿಲ್ಲ.

ಪೋಲೆಂಡಿನ ಬ್ಲಾಂಕಾ ಲಿಪಿನ್‌ಸ್ಕಾಳ '365 ದಿನಗಳು' (2018) ಈ ಪ್ರಕಾರದ ಪ್ರಸಿದ್ಧ ಕೃತಿ. ಸಿಸಿಲಿಯ ಮಾಸ್ಸಿಮೊ, ಲೌರಾ ಎಂಬವಳನ್ನು ಅಪಹರಿಸಿ, ತನ್ನನ್ನು ಪ್ರೀತಿಸಲು ಒಂದು ವರ್ಷದ ವಾಯಿದೆ ಕೊಡುತ್ತಾನೆ. 2020ರ ಚಲನಚಿತ್ರದಲ್ಲಿ, ಒಪ್ಪಿಗೆಯಿಲ್ಲದೆ ಏನೂ ಮಾಡೆನೆಂದು ಮಾತು ಕೊಡುತ್ತ ಕೊಡುತ್ತಲೇ ಕೈಮುಂದೆ ಮಾಡುತ್ತಾನೆ. ಒತ್ತೆಯನ್ನೆಲ್ಲ ತನ್ನಲ್ಲಿಯೇ ಇರಿಸಿಕೊಂಡವನು ಕೊಡುವ ವಾಯಿದೆ ಇಂಥದೇ.

ಕನ್ನಡ ಓದುಗನಿಗೆ ಇಲ್ಲಿ ರಾವಣನ ನೆನಪಾಗದಿರದು. ವಾಲ್ಮೀಕಿಯ ರಾವಣನೂ ಸೀತೆಗೆ ಹನ್ನೆರಡು ತಿಂಗಳ ಗಡುವನ್ನೇ ಕೊಡುತ್ತಾನೆ. ಒಂದೇ ಕಡೆಯ ರತಿ ಶೃಂಗಾರಾಭಾಸವೆಂಬುದು ಆಲಂಕಾರಿಕರ ಮತ. ಅಭಿನವಗುಪ್ತನಿಗೆ ಅದರ ನಿದರ್ಶನ ರಾವಣನ ಸೀತಾಭಿಲಾಷೆಯೇ. ಚಿಪ್ಪಿನಲ್ಲಿ ಬೆಳ್ಳಿ ತೋರುವಂತೆ ಅದು ಶೃಂಗಾರವಾಗಿ ತೋರುತ್ತದೆ ಎಂದಿರುವುದರಲ್ಲಿ ಮಾಫಿಯಾ ಪ್ರಣಯದ ಸೆಳೆತಕ್ಕೂ ವಿವರಣೆ ದೊರಕೀತು. ಜೈನ ಪರಂಪರೆಯನ್ನು ಅನುಸರಿಸಿದ ನಾಗಚಂದ್ರನ 'ರಾಮಚಂದ್ರಚರಿತಪುರಾಣ'ದಲ್ಲಂತೂ ರಾವಣನಿಗೆ, ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂಬ ವ್ರತವೇ ಇದೆ. ಮಾಸ್ಸಿಮೊನ ಮಾತಿಗೂ ಈ ವ್ರತಕ್ಕೂ ಹೊರನೋಟಕ್ಕೆ ಭೇದವಿಲ್ಲ. ಆದರೆ ಸೀತೆ ಮೂರ್ಛೆಹೋದುದನ್ನು ಕಂಡು ನಾಗಚಂದ್ರನ ರಾವಣನ ಮನಸ್ಸು ತಿರುಗುತ್ತದೆ. ರಾಮಲಕ್ಷ್ಮಣರನ್ನು ಗೆದ್ದ ಬಳಿಕ ಅವಳನ್ನು ಒಪ್ಪಿಸಿಬಿಡುವೆನೆಂದು ನಿಶ್ಚಯಿಸುತ್ತಾನೆ. ಅವನನ್ನು ತಿದ್ದಿದ್ದು ಅವಳ ನಿರಾಕರಣೆ. ಲೌರಾಳ ನಿರಾಕರಣೆಯಾದರೋ ಬರಿಯ ವಿಳಂಬ. ಅದು ಸೋಲುವುದೆಂದು ಮೊದಲ ಪುಟದಲ್ಲಿಯೇ ಗೊತ್ತು, ಆ ಸೋಲಿಗಾಗಿಯೇ ಪುಸ್ತಕವನ್ನು ಕೊಳ್ಳುವುದು. ನಾಯಕನ ಕ್ರೌರ್ಯಕ್ಕಿಂತ ಇದೇ ಈ ಪ್ರಕಾರದ ದೊಡ್ಡ ದೋಷ.

ಇಟಲಿಯಲ್ಲಿ ಇಂಥ ನಿರಾಕರಣೆ ಕಾದಂಬರಿಯ ಹೊರಗೂ ನಡೆದಿದೆ. ಕಲಾಬ್ರಿಯಾದ 'ನ್‌ದ್ರಾಂಗೆಟಾ ಕೂಟದ ಕಾರ್ಲೊ ಕೋಸ್ಕೊ ಎಂಬವನೊಡನೆ ಬಾಳಿದ್ದ ಲೇಯಾ ಗಾರೊಫಾಲೊ ಅವನನ್ನು ತೊರೆದು, ಮಗಳೊಡನೆ ಹೊರಬಂದು, ಕೂಟದ ವಿರುದ್ಧ ಸಾಕ್ಷ್ಯ ನುಡಿದಳು. 2009ರ ನವೆಂಬರಿನಲ್ಲಿ ಮಿಲಾನಿನಲ್ಲಿ ಅವನು ಅವಳನ್ನು ಕೊಲ್ಲಿಸಿದ. ತಂದೆಯ ವಿರುದ್ಧ ಸಾಕ್ಷಿಕಟ್ಟೆಗೆ ಬಂದವಳು ಆ ಮಗಳೇ. 2012ರಲ್ಲಿ ಅಲ್ಲಿಯ ನ್ಯಾಯಾಲಯ ಅವನಿಗೆ ಜೀವಾವಧಿ ಶಿಕ್ಷೆ ವಿಧಿಸಿತು.